ಹಚ್ಚೊಳ್ಳಿಗೆ ಒಂದು ಟಿಕೆಟ್ ಕೇಳುವ ಹುಲುಗಮ್ಮ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಯ ಪಡಸಾಲೆಯಲ್ಲಿ ಬೆಳಗಿನ ಆರಕ್ಕೆಲ್ಲ ಬಸ್ಸು ಹೊರಡುತ್ತದೆ. ಗೋಡೆಗೆ ಒತ್ತಿ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳೇ ಸೀಟುಗಳು. ಹಳೆಯ ಫ್ರಿಜ್ಜಿನ ಪಕ್ಕದ ಕುರ್ಚಿ ಕಟ್ಟಕಡೆಯ ಸೀಟು. ಅದರ ಮೇಲೆ ಒಗೆದ ಬಟ್ಟೆಯ ಗಂಟು ಕೂತಿರುತ್ತದೆ. ಎಪ್ಪತ್ತೆಂಟರ ಚಿದಾನಂದಪ್ಪ ಬನಿಯನ್ನಿನ ಮೇಲೆ ಸೊಸೆಯ ಹಳೆಯ ವ್ಯಾನಿಟಿ ಬ್ಯಾಗು ತೂಗುಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಕೂಗುತ್ತಾರೆ.

‘ಸಿರುಗುಪ್ಪ, ಸಿರುಗುಪ್ಪ. ಎಕ್ಕಂಡಿ, ಎಕ್ಕಂಡಿ, ಹತ್ರಿ ಲಗೂನ. ಬಾಗಲದಾಗ ನಿಂದ್ರಬ್ಯಾಡ್ರಿ.’

ಅಡುಗೆಮನೆಯಿಂದ ಬಿಸಿನೀರಿನ ಚೊಂಬು ಹಿಡಿದು ಬಂದ ಹುಲುಗಮ್ಮ ಕುರ್ಚಿಯ ಮೇಲೆ ಕೂರುತ್ತಾಳೆ.

‘ಎಲ್ಲಿಗೆ ತಾಯೀ?’

‘ಹಚ್ಚೊಳ್ಳಿಗೆ ಒಂದು ಕೊಡ್ರಿ.’

‘ಈ ಗಾಡಿ ಸಿರುಗುಪ್ಪಕ್ಕ ನಿಂದ್ರತೈತಿ. ಅಲ್ಲಿಂದ ಬ್ಯಾರೆ ಗಾಡಿ ಹಿಡೀಬೇಕು.’

‘ಹಿಡೀತೀನ್ರಿ. ಅಲ್ಲೀತನ ಕೊಡ್ರಿ ಸಾಕು.’

ಕ್ಯಾಲೆಂಡರಿನ ಹಳೆಯ ಹಾಳೆಯಿಂದ ಒಂದು ಚೂರು ಹರಿದು ಕೊಡುತ್ತಾರೆ. ಹುಲುಗಮ್ಮ ಅದನ್ನು ಸೊಂಟದ ಎಲೆಅಡಿಕೆ ಸಂಚಿಗೆ ಸೇರಿಸುತ್ತಾಳೆ. ಟಿಕೆಟ್ ಕೊಟ್ಟಾದ ಮೇಲೆ ಕಂಡಕ್ಟರ್ ಕೂರಬಹುದು. ಕೂತ ಮೇಲೆ ಮಾತ್ರೆ ನುಂಗಿಸಬಹುದು, ಗಡ್ಡ ತೆಗೆಯಬಹುದು. ಸ್ನಾನಕ್ಕೆ ಮಾತ್ರ ತೆಕ್ಕಲಕೋಟೆ ಬರಬೇಕು, ಏಕೆಂದರೆ ಅಲ್ಲಿ ಗಾಡಿ ಚಹಾಕ್ಕೆ ನಿಲ್ಲುತ್ತದೆ. ‘ತೆಕ್ಕಲಕೋಟಿ ಬಂತ್ರಿ’ ಎಂದು ಹುಲುಗಮ್ಮ ಹೇಳಿದ ಕೂಡಲೇ ಅವರು ತಾವಾಗಿಯೇ ಎದ್ದು ಬಚ್ಚಲಿನತ್ತ ನಡೆಯುತ್ತಾರೆ.

ಚಿದಾನಂದಪ್ಪ ಸಿರುಗುಪ್ಪ ಮಾರ್ಗದಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಮರೆವಿನ ಕಾಯಿಲೆ ಶುರುವಾದಾಗ ಮಗ ವಿರೂಪಾಕ್ಷಿ ಮೇಲಿಂದ ಮೇಲೆ ತಿದ್ದುತ್ತಿದ್ದ: ‘ಅಪ್ಪಾ, ನೀ ರಿಟೈರ್ ಆಗಿ ಎಷ್ಟು ವರ್ಷ ಆತು ಗೊತ್ತೈತೇನು?’ ಆಗೆಲ್ಲ ತಾಟು ಹಾರುತ್ತಿತ್ತು. ಎರಡು ವರ್ಷದ ಹಿಂದೆ ಕೆಲಸಕ್ಕೆ ಬಂದ ಹುಲುಗಮ್ಮ ಮೊದಲ ದಿನವೇ ವಿರೂಪಾಕ್ಷಿಗೆ ಹೇಳಿದ್ದು ಇಷ್ಟು: ‘ಬಸ್ಸು ನಡೀಲಿ ಬಿಡ್ರಿ ಅಣ್ಣಾ. ನಡುದಾರ್‍ಯಾಗ ನಿಂದ್ರಿಸಿದ್ರ ಯಾರಿಗಾದ್ರೂ ಸಿಟ್ಟು ಬರತೈತಿ.’

ಹುಲುಗಮ್ಮನಿಗೆ ನಲವತ್ತೇಳು ವರ್ಷ. ಊರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಭತ್ತದ ನಾಟಿ ಮಾಡುತ್ತ ಬೆಳೆದವಳು. ಗಂಡ ತೀರಿಕೊಂಡ ಮೇಲೆ ಬಳ್ಳಾರಿಗೆ ಬಂದು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಅಲ್ಲಿಂದ ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ತಿರುಗಿ ಹದಿನಾಲ್ಕು ವರ್ಷವಾಯಿತು. ಕೌಲ್‌ಬಜಾರಿನ ಒಂದು ಕೋಣೆಯ ಬಾಡಿಗೆ ಮನೆಯಿಂದ ನಸುಕಿನಲ್ಲೇ ನಡೆದು ಬರುತ್ತಾಳೆ. ವಿರೂಪಾಕ್ಷಿ ಕೆಲಸದಿಂದ ಬಂದ ಮೇಲೆ, ಏಳಕ್ಕೋ ಎಂಟಕ್ಕೋ, ತಿರುಗಿ ಹೋಗುತ್ತಾಳೆ.

ಎತ್ತುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಯಾರಿಗಾದರೂ ಬರುತ್ತದೆ ಎನ್ನುತ್ತಾಳೆ ಅವಳು. ಕಷ್ಟದ್ದು ‘ಹೂಂ’ ಅನ್ನುವುದು. ಮರೆವಿನವರು ಸತ್ತವರನ್ನು ಕೇಳುತ್ತಾರೆ, ಮಾರಿಹೋದ ಎತ್ತನ್ನು ಕೇಳುತ್ತಾರೆ. ಇಲ್ಲ ಎಂದರೆ ಅಳು, ಇಲ್ಲವೇ ಜಗಳ. ‘ಹೂಂ ಅನ್ನಬೇಕು. ಬರ್ತಾರ, ಸಂಜೀಕ ಬರ್ತಾರ, ಮೊದಲು ಒಂದು ತುತ್ತು ಉಣ್ರಿ ಅನ್ನಬೇಕು. ಸುಳ್ಳು ಹೇಳಾಕ ಪಗಾರ ತಗಳ್ಳೋಳು ನಾನು’ ಎಂದು ನಗುತ್ತಾಳೆ.

ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಆ ಒಂದು ‘ಹೂಂ’ ಅವಳ ಸ್ವಂತ ತಾಯಿಯ ಮುಂದೆ ಬಾಯಿಗೆ ಬರಲಿಲ್ಲ.

ತಾಯಿ ಜಡೆಮ್ಮ ಹಚ್ಚೊಳ್ಳಿಯಲ್ಲಿ ಮಗ ಎರ್ರಿಸ್ವಾಮಿಯ ಜೊತೆ ಇದ್ದಳು. ಎರ್ರಿಸ್ವಾಮಿ, ಹುಲುಗಮ್ಮನ ಒಬ್ಬನೇ ತಮ್ಮ, ಟ್ರ್ಯಾಕ್ಟರ್ ಓಡಿಸುತ್ತಿದ್ದ, ಮದುವೆಯಾಗಿರಲಿಲ್ಲ. ಕಳೆದ ವರ್ಷ ಕಾಮಾಲೆಯಿಂದ ತೀರಿಕೊಂಡ. ಆಗಲೇ ಮರೆವು ಹಿಡಿದಿದ್ದ ಜಡೆಮ್ಮ ಮಣ್ಣಿಗೂ ಹೋಗಿದ್ದಳು, ಎದೆ ಬಡಿದುಕೊಂಡು ಅತ್ತೂ ಇದ್ದಳು. ಮರುದಿನ ಬೆಳಿಗ್ಗೆ ಎದ್ದು ಕೇಳಿದಳು, ‘ಎರ್ರಿ ಹೊಲಕ್ಕ ಹೋದ್ನೇನು?’

ಹುಲುಗಮ್ಮ ರಜೆ ಹಾಕಿ ತಾಯಿಯ ಜೊತೆ ಕೂತಳು. ಕೆಲಸ ಗೊತ್ತಿದ್ದವಳು, ತಾನೇ ಇದ್ದರೆ ನಡೆಯುತ್ತದೆ ಎಂದುಕೊಂಡಿದ್ದಳು. ಆದರೆ ತಾಯಿ ಕೇಳಿದಾಗಲೆಲ್ಲ ಮೊದಲು ಒಲೆಯ ಕಡೆ ಎದ್ದುಹೋಗುತ್ತಿದ್ದಳು. ಆಮೇಲೆ ತಡೆಯಲಾರದೆ ಹೇಳಿಬಿಡುತ್ತಿದ್ದಳು: ‘ಎರ್ರಿ ಇಲ್ಲಬೇ ಯವ್ವಾ. ಹೋಗಿಬಿಟ್ಟ.’ ಜಡೆಮ್ಮ ಮೊದಲ ಸಲ ಕೇಳಿದವಳ ಹಾಗೆ ಕುಸಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೇಳುತ್ತಿದ್ದಳು.

‘ದಿನಕ್ಕ ನಾಕು ಸಲ ಆಕಿ ಮಗನ್ನ ನಾನಾ ಕೊಂದೆ’ ಎನ್ನುತ್ತಾಳೆ ಹುಲುಗಮ್ಮ. ‘ಮಂದಿ ಮನ್ಯಾಗ ಎಷ್ಟು ಸುಳ್ಳು ಹೇಳೀನಿ. ಅಲ್ಲಿ ಸತ್ತೋರು ನನ್ನೋರಲ್ಲಲ್ರಿ. ಇವ ನನ್ನ ತಮ್ಮ. ಬರ್ತಾನ ಅಂತ ಹೆಂಗ ಹೇಳ್ಲಿ?’

ರಜೆ ಮುಗಿದಾಗ ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯವಳಿಗೆ ಹೇಳಿ ಬಂದಳು. ಒಂದು ಮಧ್ಯಾಹ್ನ ಆಕೆ ಬಟ್ಟೆ ಒಗೆಯುತ್ತಿದ್ದ ಹೊತ್ತಿಗೆ ಜಡೆಮ್ಮ ಮಗನಿಗೆ ಬುತ್ತಿ ಎಂದು ಖಾಲಿ ಡಬ್ಬಿ ಹಿಡಿದು ಕಾಲುವೆಯ ದಂಡೆ ಹಿಡಿದಳು. ಯಾರೋ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟರು. ಹುಲುಗಮ್ಮ ತಾಯಿಯನ್ನು ಬಳ್ಳಾರಿಗೆ ಕರೆದುಕೊಂಡು ಬಂದಳು. ಕೆಲಸಕ್ಕೆ ಹೋಗುವಾಗ ಕೋಣೆಗೆ ಹೊರಗಿನಿಂದ ಬೀಗ ಹಾಕಬೇಕಾಯಿತು. ಸಂಜೆ ಬಂದು ನೋಡಿದರೆ ಜಡೆಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಒದ್ದೆಯಲ್ಲೇ ಕೂತಿದ್ದಳು. ಬೇರೆಯವರ ಮನೆಯಲ್ಲಿ ಇಂಥದ್ದನ್ನು ಕಂಡಿದ್ದರೆ ಹುಲುಗಮ್ಮ ಆ ಮನೆಯ ಮಕ್ಕಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು.

ಉಳಿದ ದಾರಿಗಳು ಎರಡೇ. ಕೆಲಸ ಬಿಟ್ಟು ತಾನೇ ಹಚ್ಚೊಳ್ಳಿಗೆ ಹೋಗಿ ಕೂರುವುದು. ಆಗ ಉಣ್ಣಲು ಇಬ್ಬರಿಗೂ ಇರುವುದಿಲ್ಲ. ಇಲ್ಲವೇ ಕುರುಗೋಡಿನಲ್ಲಿ ನಿವೃತ್ತ ನರ್ಸ್ ಶಿವಬಸಮ್ಮ ನಡೆಸುವ, ಮರೆವಿನವರಿಗೆಂದೇ ಇರುವ ಆಶ್ರಯ ಮನೆಗೆ ಸೇರಿಸುವುದು. ಅವಳ ಪಗಾರದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತದೆ. ಅಂದರೆ ಪರರ ಅಪ್ಪನನ್ನು ಅವರ ಮನೆಯಲ್ಲಿ ನೋಡಿಕೊಂಡರೆ ಮಾತ್ರ ತನ್ನ ತಾಯಿಯನ್ನು ಪರರು ನೋಡಿಕೊಳ್ಳುತ್ತಾರೆ.

ತಾಯಿಯನ್ನು ಕುರುಗೋಡಿಗೆ ಸೇರಿಸುತ್ತೇನೆಂದು ಸೋದರಮಾವ ಅಯ್ಯಣ್ಣನಿಗೆ ಹೇಳಲು ಊರಿಗೆ ಹೋದಳು. ಅವನು ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಕೂತಿದ್ದ. ಕೂತಲ್ಲಿಂದಲೇ ಅಂದ, ‘ಬಳ್ಳಾರಿ ಮಂದಿ ಹೊಲಸೆಲ್ಲ ಬಳೀತಿ. ಹಡದಾಕಿದು ಬಳ್ಯಾಕ ವಾಸನಿ ಬರತೈತೇನಲೇ ನಿನಗ?’

ನಾಲ್ವರಲ್ಲಿ ಒಬ್ಬ ನಕ್ಕಿದ್ದು ಹುಲುಗಮ್ಮನಿಗೆ ಇನ್ನೂ ನೆನಪಿದೆ. ಅಂದಿನಿಂದ ಅವಳು ಹಚ್ಚೊಳ್ಳಿಗೆ ಹೋಗಿಲ್ಲ. ಪಡಸಾಲೆಯ ಬಸ್ಸಿನಲ್ಲಿ ಪ್ರತಿದಿನ ಕೇಳುವ ಟಿಕೆಟ್ ಮಾತ್ರ ಅದೇ ಊರಿನದು. ಬೇರೆ ಊರು ಹೇಳಬಹುದಲ್ಲ ಎಂದರೆ, ‘ಬಾಯಿಗೆ ಅದಾ ಬರತೈತ್ರಿ’ ಎನ್ನುತ್ತಾಳೆ.

ತಾಯಿಯನ್ನು ಸೇರಿಸಿದ ವಿಷಯವನ್ನು ಸತ್ಯನಾರಾಯಣಪೇಟೆಯ ಮನೆಯಲ್ಲಿ ಹೇಳಲಿಲ್ಲ. ಭಾನುವಾರದ ರಜೆಗೆ ‘ಸಂಬಂಧಿಕರ ಮನಿ’ ಎಂಬ ನೆಪವಿತ್ತು. ಹೀಗಿರುವಾಗ ಒಂದು ದಿನ ಸೊಸೆ ಸುಧಾರಾಣಿ, ಪ್ರೌಢಶಾಲೆಯ ಶಿಕ್ಷಕಿ, ಸ್ಕೂಟಿ ನಿಲ್ಲಿಸಿ ಬಂದವಳು ದನಿ ತಗ್ಗಿಸಿ ಕೇಳಿದಳು.

‘ಹುಲುಗಮ್ಮ, ಕುರುಗೋಡಿನಾಗ ಮರೆವಿನೋರನ್ನ ಇಟ್ಕೊಂಡು ನೋಡ್ಕೊಳ್ಳೋ ಮನಿ ಐತಂತ. ಮಾವಾರನ್ನ ಅಲ್ಲಿ ಬಿಡೋದು ಚಲೋನೋ, ಹಿಂಗ ಮನ್ಯಾಗ ಇಟ್ಕೊಳ್ಳೋದು ಚಲೋನೋ? ನಿನಗ ಗೊತ್ತಿರತೈತಿ, ನೀ ಹೇಳು.’

ಹುಲುಗಮ್ಮನಿಗೆ ಆ ಮನೆಯ ಪ್ರತಿಯೊಂದು ಮೂಲೆ ಗೊತ್ತಿತ್ತು. ಹಾಸಿಗೆ ಸ್ವಚ್ಛ, ಊಟ ಬಿಸಿ, ಗದರುವವರಿಲ್ಲ ಎನ್ನುವುದೂ ಗೊತ್ತಿತ್ತು. ಚಿದಾನಂದಪ್ಪ ಅಲ್ಲಿಗೆ ಹೋದರೆ ತನ್ನ ಕೆಲಸ ಹೋಗುತ್ತದೆ, ಕೆಲಸ ಹೋದರೆ ತಾಯಿಯನ್ನು ಅಲ್ಲಿಂದ ಬಿಡಿಸಬೇಕಾಗುತ್ತದೆ ಎನ್ನುವುದಂತೂ ಮೊದಲೇ ಗೊತ್ತಿತ್ತು. ಉತ್ತರ ತಡವಾಗದೆ ಬಂತು.

‘ಬ್ಯಾಡ ಬಿಡ್ರಿ ಅಕ್ಕಾ. ಅಂಥಾ ಕಡೆ ಬಿಡೋರು ಮಕ್ಕಳಲ್ರಿ. ನಾಯಿ ಬಿಟ್ಟು ಬಂದಂಗ ಬಿಟ್ಟು ಬರ್ತಾರ.’

ಸುಧಾರಾಣಿ ತಲೆಯಾಡಿಸಿ ಒಳಗೆ ಹೋದಳು. ಹುಲುಗಮ್ಮ ಆ ಸಂಜೆ ಚಹಾ ಕುಡಿಯದೆ ಮನೆಗೆ ಹೋದಳು.

ಕುರುಗೋಡಿನ ಆ ಮನೆ ಗುಡ್ಡದ ಬುಡದಲ್ಲಿದೆ. ಒಂಬತ್ತು ಜನ ವೃದ್ಧರಿದ್ದಾರೆ. ಕಾಂಪೌಂಡು ಗೋಡೆಗೂ ಗೇಟಿಗೂ ಒಂದೇ ತಿಳಿನೀಲಿ ಬಣ್ಣ ಬಳಿದಿದ್ದಾರೆ, ಒಳಗಿನವರಿಗೆ ಹೊರಗೆ ಹೋಗುವ ದಾರಿ ಕಣ್ಣಿಗೆ ಬೀಳದಿರಲೆಂದು. ಹೊರಗಿನಿಂದ ಬರುವ ಹೊಸಬರಿಗೂ ಅದು ಸುಲಭಕ್ಕೆ ಕಾಣುವುದಿಲ್ಲ. ಮುಂದಿನ ಭಾನುವಾರ ಹುಲುಗಮ್ಮ ತಾಯಿಗೆ ಮೊಸರನ್ನ ಉಣಿಸುತ್ತಿದ್ದಾಗ ಗೋಡೆಯಾಚೆ ಯಾರೋ ಅತ್ತಿಂದಿತ್ತ ಓಡಾಡುವುದು ಕೇಳಿಸಿತು.

‘ಗೇಟು ಎಲ್ಲೈತ್ರಿ ಇದಕ್ಕ?’

ಕೈ ತೊಳೆಯದೆ ಹೋಗಿ ಅಗಳಿ ಸರಿಸಿದಳು. ಎದುರಿಗೆ ಸುಧಾರಾಣಿ. ಕೈಯಲ್ಲಿ ಕಾಯಿ, ಕರ್ಪೂರದ ಚೀಲ. ಕುರುಗೋಡು ಬಸವಣ್ಣನ ಗುಡಿಗೆ ಹೋಗುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದಳು.

‘ನೀ ಇಲ್ಲೂ ಕೆಲ್ಸಕ್ಕ ಬರ್ತೀಯೇನು?’ ಎಂದು ಸುಧಾರಾಣಿ ಕೇಳಿದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಿಂದಿನಿಂದ ಜಡೆಮ್ಮ ಕೂಗಿದಳು, ‘ಏ ಬಾಯೀ, ನನ್ನ ಮಗ ಬಂದ್ನೇನು ನೋಡು.’

‘ಕೆಲ್ಸಕ್ಕಲ್ರಿ ಅಕ್ಕಾ’ ಎಂದಳು ಹುಲುಗಮ್ಮ. ‘ಆಕಿ ನಮ್ಮವ್ವ.’

‘ನಾಯಿ ಬಿಟ್ಟಂಗ ಅಂದಿದ್ಯಲ್ಲ.’

‘ಅಂದಿದ್ದೆ. ಅದು ನನಗ ನಾನಾ ಅಂದ್ಕೊಂಡಿದ್ದು.’

ಜಗುಲಿಯ ಮೇಲೆ ಇಬ್ಬರೂ ಕೂತರು. ಹುಲುಗಮ್ಮ ಎಲ್ಲವನ್ನೂ ಹೇಳಿದಳು. ಬೀಗ ಹಾಕಿದ್ದನ್ನೂ ಬಿಡಲಿಲ್ಲ. ಸುಧಾರಾಣಿ ಕಾಯಿಯ ಚೀಲವನ್ನು ಸೆರಗಿನ ಮರೆಗೆ ಸರಿಸುತ್ತ, ‘ನಾನೇನು ದೊಡ್ಡಾಕಿ. ದೇವರ ಹೆಸರು ಹೇಳಿ ಬಂದೀನಿ’ ಎಂದಳು. ಆಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದಳು: ‘ಈಗ ಖರೇ ಹೇಳು. ಮಾವಾರಿಗೆ ಯಾವುದು ಚಲೋ?’

‘ಅಪ್ಪಾರಿಗೆ ಆ ಪಡಸಾಲಿ ಬೇಕ್ರಿ. ಅಲ್ಲಿ ಅವರ ಬಸ್ಸು ಐತಿ. ಹಗಲೆಲ್ಲ ನಾನದೀನಿ. ರಾತ್ರಿ ಎದ್ದು ಬಾಗಲಾ ತಗದು ಹೋಗಾಕ ಸುರು ಮಾಡಿದ್ರ ಮಾತ್ರ ಬೀಗ ಹಾಕಬ್ಯಾಡ್ರಿ. ಇಲ್ಲಿಗೆ ಕರ್ಕೊಂಡು ಬರ್ರಿ. ಇಲ್ಲಿ ಚಂದಾಗಿ ನೋಡ್ಕೊಂತಾರ.’

‘ಆವಾಗ ನಿನ್ನ ಕೆಲ್ಸ?’

‘ಅದನ್ನ ಆವಾಗ ನೋಡೋಣ್ರಿ.’

ಚಿದಾನಂದಪ್ಪ ಸದ್ಯಕ್ಕೆ ಮನೆಯಲ್ಲೇ ಇದ್ದಾರೆ. ಎಷ್ಟು ದಿನ ಎಂದು ಮನೆಯವರು ಹೇಳುವುದಿಲ್ಲ, ಹುಲುಗಮ್ಮ ಕೇಳುವುದಿಲ್ಲ. ಈಚೆಗೆ ಎರಡು ಸಲ ರಾತ್ರಿ ಚಿಲಕದ ಸದ್ದಾಯಿತು ಎಂದು ವಿರೂಪಾಕ್ಷಿ ಹೇಳಿದ್ದಾನೆ.

ಹೋದ ಶನಿವಾರ ಗಡ್ಡ ತೆಗೆಯುತ್ತಿದ್ದಾಗ ಹುಲುಗಮ್ಮ ಏನೋ ತೋಚಿ ಅವರನ್ನು ಕೇಳಿದಳು, ‘ಕಂಡಕ್ಟರ್‍ರ, ಎರ್ರಿಸ್ವಾಮಿ ಅಂತ, ಹಚ್ಚೊಳ್ಳಿ ಹುಡುಗ. ನಿಮ್ಮ ಗಾಡ್ಯಾಗ ಹತ್ಯಾನೇನ್ರಿ?’

ಚಿದಾನಂದಪ್ಪ ಯೋಚಿಸಲಿಲ್ಲ. ಸೋಪು ಹಚ್ಚಿದ ಮುಖವನ್ನು ಫ್ರಿಜ್ಜಿನ ಕಡೆ ತಿರುಗಿಸಿ ನೋಡಿದರು.

‘ಹತ್ಯಾನಲ್ಲ. ಹಿಂದಿನ ಸೀಟ್ನ್ಯಾಗ ಮಲಗ್ಯಾನ. ಟಿಕೆಟ್ ತಗಂಡಾನ.’

ಹುಲುಗಮ್ಮನೂ ಅತ್ತ ತಿರುಗಿದಳು. ಕುರ್ಚಿಯ ಮೇಲೆ ಬಟ್ಟೆಯ ಗಂಟಿತ್ತು. ಅದರ ಕಡೆ ಅಷ್ಟು ಹೊತ್ತು ನೋಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತಂತೆ.

ಮರುದಿನ ಕುರುಗೋಡಿನಲ್ಲಿ ಅನ್ನ ಕಲಸಿ ಮೊದಲ ತುತ್ತು ಎತ್ತಿದಾಗ ಜಡೆಮ್ಮ ಎಂದಿನಂತೆ ಬಾಯಿ ಬಿಗಿ ಹಿಡಿದಳು. ‘ಎರ್ರಿ ಬರ್ಲಿ. ಅವ ಉಂಡಿಲ್ಲ. ಬಂದ್ನೇನು?’

ಇಂಥ ಹೊತ್ತಿನಲ್ಲಿ ಹುಲುಗಮ್ಮ ತಟ್ಟೆಯನ್ನು ಅಲ್ಲಿಯ ಆಯಾ ಕೈಗೆ ಕೊಟ್ಟು ಹಿತ್ತಲಿಗೆ ಎದ್ದುಹೋಗುತ್ತಿದ್ದಳು. ಆಯಾ ‘ಬರ್ತಾನ’ ಅನ್ನುವುದನ್ನು ಕೇಳಲೂ ಅವಳಿಂದ ಆಗುತ್ತಿರಲಿಲ್ಲ. ಅಂದು ಎದ್ದುಹೋಗಲಿಲ್ಲ.

‘ಬಸ್ ಹತ್ಯಾನಂತಬೇ ಯವ್ವಾ. ಹಿಂದಿನ ಸೀಟ್ನ್ಯಾಗ ಮಲಗ್ಯಾನಂತ. ಕಂಡಕ್ಟರ್ ಹೇಳಿದ್ರು.’

ಜಡೆಮ್ಮ ಮಗಳ ಮುಖವನ್ನು, ಯಾರೋ ಒಳ್ಳೆಯ ಹೆಂಗಸನ್ನು ನೋಡುವ ಹಾಗೆ ನೋಡಿದಳು.

‘ದಣದಿರ್ತಾನ’ ಎಂದಳು. ‘ಊರು ಬರೋತನ ಎಬ್ಬಸಬ್ಯಾಡ ಅನ್ನು.’

ಆಮೇಲೆ ಬಾಯಿ ತೆರೆದಳು. ತಟ್ಟೆ ಖಾಲಿಯಾಗುವವರೆಗೂ ಉಂಡಳು.

ತಾಯಿಗೆ ಕೊನೆಗೂ ಸುಳ್ಳು ಹೇಳಲು ಬಂತಲ್ಲ ಎಂದರೆ ಹುಲುಗಮ್ಮ ತಲೆ ತಗ್ಗಿಸಿ ಸಂಚಿಯ ದಾರ ಬಿಗಿಯುತ್ತಾಳೆ. ‘ಅದು ನನ್ನ ಮಾತಲ್ರಿ. ಅಪ್ಪಾರ ಮಾತು. ಅವರಿಗೆ ಅದು ಸುಳ್ಳೂ ಅಲ್ಲ. ನಾ ಬರೇ ತಗಂಡು ಹೋಗಿ ಮುಟ್ಟಿಸಿದೆ.’