ಕಟ್ಟಿದ ದೋಣಿಯಲ್ಲಿ ಹನ್ನೆರಡು ದಿನ

ದಡಕ್ಕೆ ಕಟ್ಟಿಹಾಕಿದ ದೋಣಿಯಲ್ಲಿ ಕುಳಿತು ಕ್ರೋಶ ಕಡ್ಡಿಯಲ್ಲಿ ದಾರ ಹೆಣೆಯುವ ಹೆಂಗಸನ್ನು ನೀವೆಲ್ಲಾದರೂ ಕಂಡಿದ್ದೀರಾ? ಕಳೆದ ತಿಂಗಳು ಕುಂದಾಪುರದ ದೋಣಿ ಕಡವಿನ ಕಡೆ ಬಂದಿದ್ದರೆ ಕಾಣುತ್ತಿದ್ದಿರಿ. ಆ ಹೆಂಗಸು ನಾನೇ.

ನಕ್ಕುಬಿಡಿ. ಊರೆಲ್ಲ ನಕ್ಕಾಗಿದೆ.

ನನಗೆ ದೋಣಿಯೆಂದರೆ ಭಯ. ತವರು ಕಿರಿಮಂಜೇಶ್ವರ. ಅಲ್ಲಿಗೆ ಹೋಗಲು ಮೊದಲು ಹೊಳೆ ದಾಟಿ ಗಂಗೊಳ್ಳಿ ಸೇರಬೇಕು. ಮದುವೆಯಾದ ವರ್ಷ ಹಾಗೆ ದಾಟುವಾಗ ದೋಣಿ ಮರಳದಿಬ್ಬಕ್ಕೆ ತಾಗಿ ವಾಲಿತು. ಯಾರಿಗೂ ಏನೂ ಆಗಲಿಲ್ಲ. ಎರಡು ಕೊಡೆ, ಒಂದು ಕಟ್ಟು ಹಲಸಿನ ಹಪ್ಪಳ ಸಮುದ್ರದ ಕಡೆ ಹೊರಟುಹೋದವು, ಅಷ್ಟೆ. ಆದರೆ ಅಂದಿನಿಂದ ಹೊಳೆ ಕಂಡರೆ ಸಾಕು, ನನ್ನ ಮೊಣಕಾಲುಗಳು ನನ್ನ ಮಾತು ಕೇಳುವುದಿಲ್ಲ. (ಕಾನ್ವೆಂಟಿನಲ್ಲಿ ದೇಶದ ನದಿಗಳನ್ನೆಲ್ಲ ನೀಲಿ ಪೆನ್ಸಿಲಿನಲ್ಲಿ ಎಳೆದು ಬಹುಮಾನ ಪಡೆದವಳು ನಾನು!)

ಉಪದೇಶಕ್ಕೆ ಕೊರತೆಯೇ? "ಧೈರ್ಯ ತಂದುಕೋ" ಎಂದರು ನಮ್ಮವರು. ಎಲ್ಲಿಂದ ತರುವುದು, ರೇಷನ್ ಅಂಗಡಿಯಿಂದಲೇ? ಹಟ್ಟಿಯಂಗಡಿ ಗಣಪತಿಗೆ ಹರಕೆಯನ್ನೂ ಹೇಳಿಕೊಂಡೆ. (ಕಾಯಿಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆ. ಅಲ್ಲಿಗೂ ಹೊಳೆ ದಾಟಬೇಕಲ್ಲ!)

ತಂಗಿ ಶಾರದೆಯ ಮದುವೆಗೂ ನಾನು ಹೋಗಲಿಲ್ಲ. ಜ್ವರ ಎಂದು ಬರೆದೆ. ಸುಳ್ಳು.

ಕಳೆದ ತಿಂಗಳು ಅವಳ ಕಾಗದ ಬಂತು. "ಅಕ್ಕ, ಹೆರಿಗೆಗೆ ಅಮ್ಮನ ಮನೆಗೆ ಬಂದಿದ್ದೇನೆ. ನಾಮಕರಣದ ದಿನ ನಿನಗೆ ಜ್ವರ ಬರುವುದಿದ್ದರೆ ಈಗಲೇ ತಿಳಿಸು. ಮಗುವಿಗೆ ಬೇರೆ ದೊಡ್ಡಮ್ಮನನ್ನು ಹುಡುಕಿಕೊಳ್ಳುತ್ತೇನೆ."

ಮೂರನೆಯ ಸಲ ಓದುತ್ತಿದ್ದಾಗ ಅತ್ತೆ ಗದರಿದರು. "ಹೆಣ್ಣೇ, ಕಾಗ್ದ ಎಷ್ಟ್ ಸಲ ಓದ್ರೂ ಹೊಳಿ ಒಣ್ಗುದಿಲ್ಲ. ಏಳ್!" ಎಂದವರೇ ನನ್ನನ್ನು ದೋಣಿಯ ಮಂಜಣ್ಣನ ಮುಂದೆ ನಿಲ್ಲಿಸಿದರು.

ಮಂಜಣ್ಣನಿಗೆ ಅರವತ್ತು ದಾಟಿರಬೇಕು. ಅವನೂ "ಹೆದರ್ಬೇಡಿ" ಎನ್ನುತ್ತಾನೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವನು ಕೇಳಿದ್ದೇ ಬೇರೆ.

"ಹೆದ್ರಿಕಿ ಎಲ್ಲಿ ಬತ್ತ್ ಅಮ್ಮ? ಹೊಟ್ಟೆಂಗಾ, ಕಾಲಂಗಾ?"

ಇಷ್ಟು ವರ್ಷಗಳಲ್ಲಿ ಹಾಗೆ ಯಾರಾದರೂ ಕೇಳಿದ್ದುಂಟೇ? ಮೊಣಕಾಲಿನಲ್ಲಿ ಎಂದೆ.

"ಹಂಗಾರೆ ದೋಣಿಯಂಗ್ ಕೂಕಣಿ. ಕೂತ್ರೆ ಮೊಣ್ಕಾಲಿಗೆ ಕೆಲ್ಸವೇ ಇಲ್ಲ."

ದಾಟುವುದು ಬೇಡವೇ ಎಂದೆ.

"ದಾಟುದ್ ಎಂತಕೆ? ದೋಣಿ ಕಟ್ಟಿತ್ತ್. ಹಗ್ಗ ಬಿಚ್ಚುದ್ ನೀವೇ. ನಾ ಬಿಚ್ಚುದಿಲ್ಲ."

ಅಷ್ಟೇ. ಬಲೆ ತೆಗೆದುಕೊಂಡು ಹರಿದ ಕಣ್ಣುಗಳನ್ನು ಕಟ್ಟತೊಡಗಿದ.

ಅಂದಿನಿಂದ ದಿನಾ ಮಧ್ಯಾಹ್ನ, ಜನರಿಲ್ಲದ ಹೊತ್ತಿನಲ್ಲಿ ಈ ಕಾಯಕ ನಡೆಯಿತು. ಹುಟ್ಟಲಿರುವ ಮಗುವಿಗೆಂದು ದೋಣಿಯಲ್ಲಿ ಒಂದು ಟೊಪ್ಪಿ ಹೆಣೆಯಲು ಹಿಡಿದೆ. ಮೊದಲ ದಿನ ಎಡಗೈ ದೋಣಿಯ ಅಂಚನ್ನು ಬಿಡಲಿಲ್ಲ, ಮೂರೇ ಹೆಣಿಗೆ. ನಾಲ್ಕನೆಯ ದಿನ, ದೋಣಿಯಡಿಯಲ್ಲಿ ನೀರು ಗುಳುಗುಳು ಎನ್ನುವುದು ಕಿವಿಗೆ ಬಿತ್ತು. ಅದುವರೆಗೆ ನನ್ನ ಎದೆಬಡಿತ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಅತ್ತೆ ದಡದಲ್ಲಿ ಕೊಡೆ ಬಿಡಿಸಿ ಹರಿವೆಸೊಪ್ಪು ಸೋಸುತ್ತ ಕೂರುತ್ತಿದ್ದರು. "ಹ್ವಾಯ್ ಮಂಜ, ನೀ ನನ್ ಸೊಸಿನ್ ಆಚಿಗ್ ಮುಟ್ಸುದ್ರೊಳ್ಗೆ ಆ ಮಗು ಶಾಲಿಗ್ ಹೋತ್ತ್ ಮಾರಾಯ!"

"ಹೋಯ್ಲಿ ಅಮ್ಮ. ಅದನ್ನೂ ನಾನೇ ದಾಟಿಸ್ತೆ."

ಏಳನೆಯ ದಿನ ಎಲ್ಲ ಕೆಟ್ಟಿತು. ಹಂಚು ತುಂಬಿದ ದೊಡ್ಡ ಮಂಜಿ ಹಡಗೊಂದು ಪಕ್ಕದಲ್ಲೇ ಹಾದು, ಅದರ ಅಲೆಗೆ ನಮ್ಮ ದೋಣಿ ಕುಣಿಯಿತು. ದಾರದುಂಡೆ ಬಿಸಾಡಿ ನಾನು ದಡಕ್ಕೆ ಹಾರಿದೆ. ಇನ್ನು ನನ್ನಿಂದಾಗದು ಎಂದು ಅತ್ತುಬಿಟ್ಟೆ.

ಮಂಜಣ್ಣ ದಾರದುಂಡೆಯ ಕೆಸರು ಒರೆಸಿ ಕೈಗಿಟ್ಟ. "ಅಮ್ಮ, ಹಾರಿದ್ ಯಾವ ಕಾಲಂಗೆ?"

ನನ್ನ ಕಾಲುಗಳನ್ನೇ ನೋಡಿಕೊಂಡೆ. ಮಾತು ಕೇಳದ ಮೊಣಕಾಲುಗಳು ಎರಡು ಮೊಳ ಹಾರಿದ್ದವು!

ಮರುದಿನ ಮತ್ತೆ ಹೋದೆ.

ಹನ್ನೆರಡನೆಯ ದಿನ ಆಚೆಯಿಂದ ಬಂದವರೊಬ್ಬರು ಸುದ್ದಿ ತಂದರು. ಶಾರದೆಗೆ ಹೆಣ್ಣುಮಗು ಹುಟ್ಟಿ ಒಂಬತ್ತು ದಿನವಾಯಿತು, ನಾಡಿದ್ದು ನಾಮಕರಣ. ನಾನು ಎದ್ದು ಹಗ್ಗಕ್ಕೆ ಕೈಹಾಕಿದೆ. ಒದ್ದೆ ಗಂಟು, ಕಲ್ಲಿನಂತೆ. ಉಗುರು ಮುರಿಯಿತು. ಸ್ವಲ್ಪ ಸಹಾಯ ಮಾಡಬಾರದೇ ಎಂದು ಮಂಜಣ್ಣನನ್ನು ನೋಡಿದರೆ, ಅವನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾನೆ.

"ಇದೊಂದ್ ಮಾತ್ರ ನನ್ ಕೈಯಂಗ್ ಆತಿಲ್ಲೆ ಅಮ್ಮ."

ಗಂಟು ಬಿಚ್ಚಿತು. ದಡದಲ್ಲಿ ಅತ್ತೆಯ ಕೈಯ ಹರಿವೆ ಕೈಯಲ್ಲೇ ನಿಂತಿತ್ತು.

ಭಯ ಹೋಯಿತೇ? ಇಲ್ಲ. ಹೊಳೆಯುದ್ದಕ್ಕೂ ನನ್ನ ಪಕ್ಕದಲ್ಲೇ ಕುಳಿತು ಬಂತು. ಆದರೆ ದೋಣಿಯ ಹುಟ್ಟು ಅದರ ಕೈಯಲ್ಲಿರಲಿಲ್ಲ.

ಬಾಣಂತಿ ಕೋಣೆಯ ಬಾಗಿಲಲ್ಲಿ ನನ್ನನ್ನು ಕಂಡ ಶಾರದೆ ಹತ್ತಿರ ಕರೆದು ನನ್ನ ಹಣೆ ಮುಟ್ಟಿ ನೋಡಿದಳು. "ಅಕ್ಕ, ಜ್ವರ ಇಲ್ಯಲೆ!" ಎಂದಳು. ಇಬ್ಬರೂ ನಕ್ಕೆವು, ಅತ್ತೆವು, ಮಗು ಎದ್ದಿತು. ಟೊಪ್ಪಿಯನ್ನು ತಿರುಗಿಸಿ ನೋಡಿ, "ನೆತ್ತಿ ಹತ್ರ ಬಿಗಿ, ಅಂಚಂಗೆ ಸಡ್ಲ. ಕಾನ್ವೆಂಟಂಗ್ ಹೀಂಗೇ ಹೇಳಿಕೊಟ್ಟದ್ದಾ?" ಎಂದಳು. ಅಲ್ಲ ಮಾರಾಯ್ತಿ, ಇದನ್ನು ಕಡವಿನಲ್ಲಿ ಕಲಿತದ್ದು.

ಮೊನ್ನೆ ಸೋಮವಾರ ವಾಪಸು ಬರುವಾಗ ನನಗೆ ಮಾತೇ ಮಾತು. ಬ್ರಹ್ಮಾವರದಲ್ಲಿರುವ ನಿನ್ನ ಮಗಳ ಮನೆಗೆ ಬಸ್ಸಿನಲ್ಲಿ ಹೋಗಿಬರುತ್ತೀಯೋ ಎಂದು ಮಂಜಣ್ಣನನ್ನು ಕೇಳಿದೆ. ಹುಟ್ಟು ನಿಂತಿತು.

"ಬಸ್ಸಾ? ಅಬ್ಬಬ್ಬ! ನಾ ನಡ್ಕಂಡೇ ಹೋಪುದ್. ಆ ಇದ್ಲ್ ಉರ್ಸಿ ಓಡು ಬಸ್ಸ್ ಹೊಗಿ ಬಿಟ್ಕಂಡ್ ನಡುಗುದ್ ಕಾಣಿ! ಅದನ್ ಕಟ್ಟುಕೆ ಒಂದ್ ಹಗ್ಗವೂ ಇಲ್ಲ!"

ಹೆದರಬೇಡ ಎಂದು ಬಾಯಿಯವರೆಗೆ ಬಂತು. ನುಂಗಿಕೊಂಡೆ.

ನಾಳೆ ಮಧ್ಯಾಹ್ನ ಬಲೆ ಹಿಡಿದು ಬಸ್‌ಸ್ಟ್ಯಾಂಡಿಗೆ ಬಾ ಎಂದು ಹೇಳಿಕಳಿಸಿದ್ದೇನೆ. ಡ್ರೈವರ್ ಊಟಕ್ಕೆ ಹೋದ ಹೊತ್ತಿನಲ್ಲಿ, ನಿಂತ ಬಸ್ಸಿನೊಳಗೆ ಕುಳಿತು ಬಲೆ ಕಟ್ಟುವವನಿಗೆ ಕಂಡಕ್ಟರ್ ಟಿಕೆಟ್ ಕೇಳುವುದಿಲ್ಲ ತಾನೆ?