ಮೆಟ್ಟಿಲಲ್ಲಿ ಬಿದ್ದ ಹಲ್ಲು

ಮೊನ್ನೆ ತಿರುವನಂತಪುರದಲ್ಲಿ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ಅವರ ಮಗಳು ಕಾರ್ ಗೇಮ್ ಆಡುತ್ತಿದ್ದಳು. ಆಟದ ಸ್ಟೀರಿಂಗಿನಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು...

ಕಳಮಶ್ಶೇರಿಯಲ್ಲಿ ಓದುವಾಗ ಕಾಲೇಜಿನ ಹಿಂದೆ ಒಂದು ಗೇಮಿಂಗ್ ಸೆಂಟರ್ ಇತ್ತು. ಅದರ ಮಾಲೀಕರನ್ನು ಎಲ್ಲರೂ ಚೇಟ್ಟಾ, ಅಂದರೆ ಅಣ್ಣಾ ಎನ್ನುತ್ತಿದ್ದರು. ಹಿಂದೆ ವಲ್ಲಾರ್ಪಾಡಂ ಬಂದರಿನಿಂದ ಮಂಗಳೂರಿಗೆ ಟ್ರೈಲರ್ ಲಾರಿ ಓಡಿಸುತ್ತಿದ್ದವರು. ಹರಕುಮುರುಕು ಕನ್ನಡ ಬರುತ್ತಿತ್ತು. ಕಾಸರಗೋಡಿನವನಾದ ನನಗೆ ಅಷ್ಟೇ ಸಾಕಾಯಿತು. ಕಾರ್ ಗೇಮಿನಲ್ಲಿ ಡ್ರಿಫ್ಟ್, ಅಂದರೆ ತಿರುವಿನಲ್ಲಿ ಕಾರನ್ನು ಅಡ್ಡಕ್ಕೆ ಜಾರಿಸುವುದನ್ನು ಕಲಿಸಿದ್ದು ಅವರೇ. ಕಲಿಸಿದರು ಅನ್ನುವುದಕ್ಕಿಂತ ಬಡಿದರು ಅನ್ನಬೇಕು.

ಹಿಂದಿನ ಚಕ್ರದ ಬಲದಲ್ಲಿ ಓಡುವ ಕಾರು ತಿರುವಿನಲ್ಲಿ ಬಾಲ ಬೀಸಿದಾಗ ಸ್ಟೀರಿಂಗನ್ನು ಸಡಿಲ ಬಿಡಬೇಕು. ಅದು ತಾನೇ ಎದುರು ದಿಕ್ಕಿಗೆ ತಿರುಗುತ್ತದೆ, ಆಮೇಲೆ ಹಿಡಿಯಬೇಕು. ಆಕ್ಸಿಲರೇಟರ್ ಮಾತ್ರ ಬಿಡಬಾರದು. ನಾನು ಹೆದರಿ ಎಲ್ಲ ಉಲ್ಟಾ ಮಾಡುತ್ತಿದ್ದೆ. ಕೂಡಲೇ ಸ್ಟೀಲ್ ಸ್ಕೇಲ್ ಗೆಣ್ಣಿನ ಮೇಲೆ ಬೀಳುತ್ತಿತ್ತು.

"ಬಿಡು ಮೋನೇ, ಬಿಡು ಮಗಾ! ಅದೆಂತ ನಿನ್ನ ಹೆಂಡತಿಯಾ, ತಬ್ಬಿಕೊಳ್ಳಲಿಕ್ಕೆ?"

ರಕ್ತ ಬಂದರೆ ತಾವೇ ಮುಲಾಮು ಹಚ್ಚಿ, ಮತ್ತೆ ಅದೇ ಜಾಗಕ್ಕೆ ಹೊಡೆಯುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಆದರೂ ದಿನಾ ಹೋಗುತ್ತಿದ್ದೆ.

ತಿರುವನಂತಪುರದಲ್ಲಿ ಕಾರ್ ಗೇಮಿನ ಒಂದು ಸ್ಪರ್ಧೆ ನಡೆಯಿತು, ಚೇಟ್ಟ ನನ್ನನ್ನು ಕರೆದುಕೊಂಡು ಹೋದರು. ಆಗಷ್ಟೇ ನನಗೆ ಬ್ಯಾಂಕಿನ ಕೆಲಸದ ಆರ್ಡರ್ ಬಂದಿತ್ತು. ಫೈನಲ್‌ನ ಕೊನೆಯ ತಿರುವಿನಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಬಿಟ್ಟೆ, ಕಾರು ಗೋಡೆಗೆ ಅಪ್ಪಳಿಸಿತು. ಚೇಟ್ಟ ಕಾಲರ್ ಹಿಡಿದು ಹೊರಗಿನ ಮೆಟ್ಟಿಲಿಗೆ ಎಳೆದು ತಂದು ಕಪಾಳಕ್ಕೆ ಬಾರಿಸಿದರು. ನಾನು ಅವರ ಬಾಯಿಗೆ ಗುದ್ದಿದೆ. ಬಿದ್ದರು. ಬಿದ್ದ ಮೇಲೂ ಗುದ್ದಿದೆ... ಎಷ್ಟು ಸಲವೋ. ಆ ಕ್ಷಣ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ?

ಜನ ಓಡಿ ಬಂದರು. ಪೊಲೀಸರನ್ನು ಕರೆಯಲಾ ಎಂದು ಸೆಕ್ಯುರಿಟಿಯವನು ಕೇಳಿದ. ಕೇಸಾಗಿದ್ದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಚೇಟ್ಟ ಮುಂದಿನ ಹಲ್ಲನ್ನು ಅಂಗೈಗೆ ಉಗಿದುಕೊಂಡು, "ಮೆಟ್ಟಿಲಲ್ಲಿ ಜಾರಿದೆ" ಎಂದರು. ನಾನು ಅವರನ್ನು ಎತ್ತಲೂ ಇಲ್ಲ, ಹಾಗೇ ಹೊರಟುಹೋದೆ. ಆಮೇಲೆ ಇಷ್ಟು ವರ್ಷ ಕಳಮಶ್ಶೇರಿ ಕಡೆ ಕಾಲಿಡಲಿಲ್ಲ.

ನಿನ್ನೆ ಕ್ಷಮೆ ಕೇಳಲೆಂದೇ ಕಳಮಶ್ಶೇರಿಗೆ ಹೋದೆ. ಸೆಂಟರ್ ಜಾಗದಲ್ಲಿ ಝೆರಾಕ್ಸ್ ಅಂಗಡಿ ಇದೆ. ಮಹಡಿಯ ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಚೇಚಿ, ಅಂದರೆ ಅಕ್ಕಾ ಎಂದು ಕರೆದು, ಹಿಂದೆ ಸೆಂಟರಿಗೆ ಬರುತ್ತಿದ್ದವನು ಎಂದು ಹೇಳಿಕೊಂಡೆ. ಚೇಟ್ಟ ತೀರಿಹೋಗಿ ಎರಡು ವರ್ಷವಾಯಿತಂತೆ. ಗೋಡೆಯ ಫೋಟೋದಲ್ಲಿ ತುಟಿ ಮುಚ್ಚಿಕೊಂಡೇ ನಗುತ್ತಿದ್ದರು.

"ಹಲ್ಲು ಹೋದ ಮೇಲೆ ಬಾಯಿ ತೆರೆದು ನಗಲೇ ಇಲ್ಲ," ಎಂದರು ಆಕೆ ಮಲಯಾಳದಲ್ಲಿ. "ತಿರುವನಂತಪುರದಲ್ಲಿ ಮೆಟ್ಟಿಲಲ್ಲಿ ಜಾರಿದ್ದರು. ಆವತ್ತು ನೀವು ಜೊತೆಯಲ್ಲಿದ್ದಿರಾ?"

"ಇಲ್ಲ ಚೇಚಿ," ಎಂದೆ.