ಗೋಲು ಕಂಬದ ಹಿಂದಿನ ಕುರ್ಚಿ

ನಮ್ಮ ಮನೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯಿದೆ. ಕೆಂಪು ಎಂದದ್ದು ಅದರ ಪೂರ್ವಾಶ್ರಮದ ಮೇಲಿನ ಗೌರವದಿಂದ. ಮಧುಗಿರಿಯ ಬಿಸಿಲು ಅದನ್ನು ಹಳೆಯ ಇಟ್ಟಿಗೆಯ ಬಣ್ಣಕ್ಕೆ ಇಳಿಸಿ ಎಷ್ಟೋ ವರ್ಷಗಳಾದವು. ಒರಗುವ ಬೆನ್ನಿನ ನಡುವೆ ಉದ್ದಕ್ಕೆ ಒಂದು ಸೀಳು. ಕಾಯಿಸಿದ ಮೊಳೆಯಿಂದ ಎರಡೂ ಅಂಚಿಗೆ ತೂತು ಮಾಡಿ ನಾನೇ ಅದನ್ನು ನೀಲಿ ನೈಲಾನ್ ದಾರದಲ್ಲಿ ಹೊಲಿದಿದ್ದೇನೆ. ಹಿಂಗಾಲೊಂದು ತುಸು ಗಿಡ್ಡವಾದ್ದರಿಂದ ಅದರಲ್ಲಿ ಕೂತವನು ಲೋಕವನ್ನು ಎಡಕ್ಕೆ ವಾಲಿಯೇ ನೋಡಬೇಕು. ನನ್ನ ಹೆಂಡತಿ ಇದನ್ನು ಗುಜರಿಯವನಿಗೆ ಕೊಡಲು ಮೂರು ಸಲ ಹೊರಟು ಮೂರು ಸಲವೂ ಸೋತಳು. ಅವಳ ಕಣ್ಣಿಗೆ ಅದು ಮುರುಕು ಕುರ್ಚಿ. ನನಗೋ ಅದು ನ್ಯಾಯಪೀಠ. ನಮ್ಮೂರಿನ ಕಾಲೇಜಿನ ಫುಟ್‌ಬಾಲ್ ತಂಡದ ಹಣೆಬರಹವನ್ನು ನಾನು ಪರಿಶೀಲಿಸುತ್ತಿದ್ದದ್ದು ಅದರಲ್ಲಿ ಕೂತೇ.

ಫುಟ್‌ಬಾಲೇ, ಅದೂ ಮಧುಗಿರಿಯಲ್ಲೇ, ಎಂದು ನೀವು ಹುಬ್ಬೇರಿಸಬಹುದು. ನಿಮ್ಮ ಹುಬ್ಬು, ನಿಮ್ಮ ಇಷ್ಟ. ಕಬಡ್ಡಿ, ವಾಲಿಬಾಲುಗಳ ಈ ನಾಡಿಗೆ ಫುಟ್‌ಬಾಲ್ ಹೇಗೆ ಬಂತೆಂಬುದು ನಮಗೂ ಸರಿಯಾಗಿ ತಿಳಿಯದು. ಬಂದದ್ದಂತೂ ನಿಜ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಊರಿನ ಕಾಲೇಜು ತಂಡಗಳು ವರ್ಷಕ್ಕೊಮ್ಮೆ ತಮ್ಮತಮ್ಮಲ್ಲಿ ಎರಡೆರಡು ಸಲ ಆಡುತ್ತವೆ. ನಾಲ್ಕೂರಿಗೆ ಸೇರಿ ನೆಟ್ಟಗೆ ನಿಂತ ಗೋಲು ಕಂಬಗಳಿರುವುದು ನಮ್ಮ ಮೈದಾನದಲ್ಲಿ ಮಾತ್ರವಾದ್ದರಿಂದ ಪಂದ್ಯಗಳೆಲ್ಲ ಇಲ್ಲಿಯೇ. ಹೀಗಾಗಿ ನಾವು ಸದಾಕಾಲ ಆತಿಥೇಯರು, ಉಳಿದವರು ಸದಾಕಾಲ ಅತಿಥಿಗಳು.

ಮೈದಾನದಲ್ಲಿ ಹುಲ್ಲಿಲ್ಲ, ನೊರಜುಗಲ್ಲು ಯಥೇಚ್ಛ. ಬೆಟ್ಟದ ಕಡೆಯ ಗೋಲಿನ ಹಿಂದೆ ಒಂದು ಹೊಂಗೆ ಮರ. ಇಡೀ ಬಯಲಿಗೆ ಅದೊಂದೇ ನೆರಳು. ನಮ್ಮಲ್ಲೊಂದು ಪದ್ಧತಿಯುಂಟು: ಬಿಸಿಲಿನಲ್ಲಿ ಬಂದ ಅತಿಥಿ ತಂಡಕ್ಕೆ ಮೊದಲರ್ಧದಲ್ಲಿ ನೆರಳಿನ ತುದಿಯನ್ನು ಬಿಟ್ಟುಕೊಡುವುದು. ನಾಣ್ಯ ಚಿಮ್ಮುವ ಶಾಸ್ತ್ರ ನಡೆಯುತ್ತದೆ, ಆದರೆ ಗೆದ್ದರೂ ನಮ್ಮ ನಾಯಕ "ನೀವೇ ನೆರಳಿಗೆ ಹೋಗ್ರಪ್ಪ" ಎಂದೇ ಅನ್ನಬೇಕು. ಆದ್ದರಿಂದ ನಮ್ಮ ಗೋಲ್‌ಕೀಪರ್ ಹೊಂಗೆಯ ಕಡೆಗೆ ಬರುವುದು ಯಾವಾಗಲೂ ದ್ವಿತೀಯಾರ್ಧದಲ್ಲಿ. ಈ ಸಂಗತಿಯನ್ನು ನೆನಪಿನಲ್ಲಿಡಿ. ನಾನು ಇಟ್ಟಿರಲಿಲ್ಲ.

ಆ ಮರದ ಕೆಳಗೆ ಗೋಲು ಕಂಬಕ್ಕೆ ಆರು ಮಾರು ಹಿಂದೆ ಕೂರುವವರು ಮೂವರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದ ನಾನು, ಕುರ್ಚಿಯಲ್ಲಿ. ಜವಳಿ ಅಂಗಡಿಯ ಶಿವಲಿಂಗಪ್ಪನವರು, ಮಡಿಸಿದ ಗೋಣಿಯ ಮೇಲೆ. ಬಸ್ಸು ಓಡಿಸಿ ನಿವೃತ್ತರಾದ, ಶಿರಾ ಮೂಲದ ಮಹಬೂಬ್ ಸಾಬರು, ಹೊಂಗೆಯ ಬೇರಿನ ಮೇಲೆ. ನಮ್ಮನ್ನು ಅಭಿಮಾನಿಗಳೆಂದು ಕರೆದರೆ ನನಗೆ ಸಂಕೋಚ. ಅಭಿಮಾನಿಯಾದವನು ಕೂಗಬೇಕು, ಕುಣಿಯಬೇಕು. ನಾವು ಪರಾಮರ್ಶಿಸುವವರು. ಋತು ಅರ್ಧ ಮುಗಿದಾಗ, ಅಂದರೆ ಮೂರು ಪಂದ್ಯಗಳಾದ ಮೇಲಿನ ಭಾನುವಾರ, ಸಭೆ ಸೇರಿ ತಂಡದ ಗುಣಾವಗುಣಗಳನ್ನು ತೂಗಿ ಒಂದು ಅಭಿಪ್ರಾಯ ಪತ್ರ ಬರೆದು ಕಾಲೇಜಿನ ಪಿ.ಡಿ. ಸಾರ್ ಕೈಗೆ, ಎಂದರೆ ಆಟೋಟಗಳ ಮುಖ್ಯಸ್ಥರ ಕೈಗೆ ಕೊಡುತ್ತೇವೆ. ಅವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಗೋಲಿನ ಬಲೆ ಶಿವಲಿಂಗಪ್ಪನವರ ಕೊಡುಗೆ ಎಂಬುದು ಒಂದು ಕಾರಣ, ಹಿರಿಯರ ಮಾತನ್ನು ತೆಗೆದುಹಾಕಬಾರದೆಂಬ ಪಿ.ಡಿ. ಸಾರ್ ಸ್ವಭಾವ ಇನ್ನೊಂದು. ಹಿಂದೊಮ್ಮೆ ನಮ್ಮ ಪತ್ರದ ಪ್ರಕಾರ ಮುಂಪಡೆಯ ಆಟಗಾರನನ್ನು ರಕ್ಷಣೆಗೆ ಹಾಕಿದರು. ಅವನು ರೂಢಿ ಬಿಡಲಾರದೆ ನಮ್ಮ ಗೋಲಿಗೇ ಹೊಡೆದ. ಪತ್ರದ ಮಹಿಮೆ ಅದರಿಂದೇನೂ ಕುಗ್ಗಲಿಲ್ಲ.

ಈ ವರ್ಷದ ಅರ್ಧಋತುವಿನ ಸ್ಥಿತಿ ಹೀಗಿತ್ತು. ಕೊರಟಗೆರೆಯ ಮೇಲೆ ವಿರಾಮದ ಹೊತ್ತಿಗೆ ಎರಡು ಗೋಲು ಮುಂದಿದ್ದು, ಮೂರು ಬಿಟ್ಟುಕೊಟ್ಟು ಸೋತೆವು. ಶಿರಾದವರನ್ನು ಅರ್ಧದವರೆಗೆ ತಡೆದು, ಆಮೇಲೆ ಎರಡು ಬಿಟ್ಟುಕೊಟ್ಟು ಸೋತೆವು. ಪಾವಗಡದ ಮೇಲೆ ಒಂದು ಹೊಡೆದು ಎರಡು ತಿಂದೆವು. ನಾಲ್ಕು ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ನಮ್ಮದು, ಐದನೆಯದು ಇಲ್ಲದ ಕಾರಣ.

ಸಭೆಯಲ್ಲಿ ಶಿವಲಿಂಗಪ್ಪನವರು ಗೋಣಿ ಕೊಡವಿ ಕೂತು ಮೊದಲು ಬಾಯಿ ತೆರೆದರು. "ಏಳಕ್ಕೆ ಏಳೂ ಇಂಟರ್ವೆಲ್ ಆದ್ಮ್ಯಾಕೇ ಬಿದ್ದವೆ, ಮೇಷ್ಟ್ರೇ. ಹುಡುಗ್ರಿಗೆ ದಮ್ಮಿಲ್ಲ. ಹಾಸ್ಟೆಲ್ನಾಗೆ ಬರೀ ಅನ್ನ. ಮುದ್ದೆ ತಿನ್ನೋನು ಸಾಯಂಕಾಲ್ದ ತನ್ಕ ನಿಂತಿರ್ತಾನೆ, ಅನ್ನ ತಿನ್ನೋನು ನಾಕು ಗಂಟೆಗೇ ಕೂತ್ಕಬೇಕು ಅಂತಾನೆ."

"ಅರೆ, ಆ ಶಿರಾದೋರೇನು ಮುದ್ದೆ ಕಟ್ಕಂಡು ಬಂದಿದ್ರಾ?" ಎಂದರು ಮಹಬೂಬ್ ಸಾಬರು. "ಬಿರಿಯಾನಿ ತಿಂದು ಬಂದಿದ್ರು. ನಾನೇ ವಾಸನೆ ನೋಡಿದೀನಿ."

"ನಿಮ್ಮೂರೋರು ಅಂತ ಬಿಟ್ಟುಕೊಡಾಕಿಲ್ಲ ನೋಡ್ರಿ ನೀವು."

"ಊರು ಶಿರಾ, ಪಿಂಚಣಿ ಮಧುಗಿರಿ. ಯಾರ ಕಡೆ ಅಂತ ಹೇಳ್ಲಿ ಶೆಟ್ರೇ?"

"ಶೆಟ್ರು ಅನ್ಬ್ಯಾಡ್ರಿ ಅಂತ ಎಷ್ಟು ದಪ ಹೇಳೀನಿ! ನಾವು ಲಿಂಗಾಯತ್ರು ಕಣ್ರಿ."

"ಅಂಗಡಿ ಇದ್ದೋರೆಲ್ಲ ನಂಗೆ ಶೆಟ್ರೇ."

ಈ ಗಲಾಟೆಯ ನಡುವೆ ನಾನು, ಬೆಳಿಗ್ಗೆಯೇ ಮನೆಯಲ್ಲಿ ಬರೆದು ತಂದಿದ್ದ ಕರಡನ್ನು ಗಂಟಲು ಸರಿಪಡಿಸಿಕೊಂಡು ಓದಿದೆ. ಗೋಲ್‌ಕೀಪರ್ ತಿಮ್ಮರಾಜು ಎಂಬಾತನು ದ್ವಿತೀಯಾರ್ಧದಲ್ಲಿ ಚೆಂಡಿಗೆ ಎದುರಾಗಿ ನಿಲ್ಲದೆ ಓರೆಯಾಗಿ ನಿಲ್ಲುತ್ತಿರುವುದಾಗಿಯೂ, ತತ್ಪರಿಣಾಮವಾಗಿ ಎಡಮೂಲೆಯು ತೆರೆದ ಬಾಗಿಲಿನಂತಿರುವುದಾಗಿಯೂ, ಬಹುತೇಕ ಗೋಲುಗಳು ಸದರಿ ಬಾಗಿಲಿನಿಂದಲೇ ಪ್ರವೇಶಿಸಿರುವುದಾಗಿಯೂ, ಆದಕಾರಣ ಸದರಿಯವನನ್ನು ಬದಲಿಸತಕ್ಕದ್ದೆಂದೂ ಅದರಲ್ಲಿತ್ತು. ಇಬ್ಬರೂ ತಲೆದೂಗಿದರು. ಸಹಿ ಮಾತ್ರ ಬಾಕಿ.

ತಿಮ್ಮರಾಜು ಮಿಡಿಗೇಶಿಯವನು. ನಾನು ಅಲ್ಲಿನ ಹೈಸ್ಕೂಲಿನಲ್ಲಿದ್ದಾಗ ನನ್ನ ಶಿಷ್ಯ. ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ಎಂಬುದಕ್ಕಿಂತ ಹೆಚ್ಚು ನೆನಪಿಲ್ಲ. ಈಗ ದಿನಾ ಬಸ್ಸಿನಲ್ಲಿ ಓಡಾಡುತ್ತಾನೆ. ಕಂಡಕ್ಟರು ಅವನ ಹೆಸರು ಮರೆತು "ಗೋಲ್‌ಕೀಪರ್, ಒಳೀಕ್ ಬಾರಪ್ಪ" ಎಂದೇ ಕರೆಯುತ್ತಾನಂತೆ. ಮಿಡಿಗೇಶಿಯ ಹುಡುಗನೊಬ್ಬನಿಗೆ ಅಂಥ ಬಿರುದು ಅದಕ್ಕೆ ಮೊದಲು ಬಂದದ್ದು ಯಾರಿಗೂ ಗೊತ್ತಿಲ್ಲ. ಆ ಬಿರುದನ್ನು ಕಿತ್ತುಕೊಳ್ಳುವ ಕಾಗದ ನನ್ನ ಜೇಬಿನಲ್ಲಿತ್ತು. ಆರೋಪಿಯ ಹೇಳಿಕೆ ಪಡೆಯದೆ ತೀರ್ಪು ಕೊಡುವುದು ಧರ್ಮವಲ್ಲವೆಂದು ಅವನನ್ನು ಕರೆಸಿದ್ದೆವು. ಭಾನುವಾರವೂ ಬಸ್ಸು ಹತ್ತಿ ಬಂದ. ಮಾಮೂಲು ಅಂಗಿ, ಕೈಯಲ್ಲಿ ಗೋಲ್‌ಕೀಪರಿನ ಗ್ಲೌಸು. ಕರಡನ್ನು ಮತ್ತೆ ಓದಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ಆಯ್ತು ಸಾ" ಎಂದು, ಗ್ಲೌಸನ್ನು ಜೋಡಿಸಿ ನನ್ನ ಕುರ್ಚಿಯ ಪಕ್ಕದ ನೆಲದ ಮೇಲೆ ಮೆಲ್ಲಗೆ ಇಟ್ಟ. ಅಷ್ಟು ಬೇಗ ಒಪ್ಪಿಕೊಂಡದ್ದು ನನಗೆ ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿತು. ವಾದಕ್ಕೆ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ.

ಆಗ ಮಹಬೂಬ್ ಸಾಬರು ಬೇರಿನಿಂದ ಎದ್ದರು. "ವಸಿ ತಡೀರಿ. ಲೇ ತಿಮ್ಮ, ಆ ಕಂಬದ ಮಧ್ಯ ಹೋಗಿ ನಿಂತ್ಕಳೋ. ಚೆಂಡು ಬತ್ತಾ ಐತೆ ಅನ್ಕ."

ಹುಡುಗ ಹೋಗಿ ನಿಂತ. ಓರೆಯಾಗಿ. ಎಡಭುಜ ಬಯಲಿಗೆ, ಬಲಭುಜ ನಮ್ಮ ಕಡೆಗೆ.

"ಮೇಷ್ಟ್ರೇ, ನೀವು ಎದ್ದು ವಸಿ ಮರದ ಹಿಂದಕ್ಕೆ ಹೋಗಿ."

"ಯಾಕೆ?"

"ಹೋಗಿ ಅಂದ್ರೆ. ಮೂವತ್ತು ವರ್ಷ ಸ್ಟೇರಿಂಗ್ ಹಿಡ್ದೋನು ನಾನು. ಗಾಡಿ ಒಂದು ಕಡೀಕೆ ಎಳೀತಾ ಐತೆ ಅಂದ್ರೆ ಡ್ರೈವರ್‌ನ ಬೈಯೋ ಮುಂಚೆ ಎಲ್ಲಿ ಎಳೀತೈತೆ ಅಂತ ನೋಡ್ಬೇಕು."

ನಾನು ಮರದ ಹಿಂದೆ ಹೋಗಿ ನಿಂತೆ. ಕಾಂಡದ ಮರೆಯಿಂದ ಇಣುಕಿ ನೋಡಿದೆ. ನನ್ನ ಖಾಲಿ ಕುರ್ಚಿಯನ್ನೊಮ್ಮೆ ಕಡೆಗಣ್ಣಿನಲ್ಲಿ ನೋಡಿದ ತಿಮ್ಮರಾಜು, ತೂಗುವ ತಕ್ಕಡಿಯ ಮುಳ್ಳಿನ ಹಾಗೆ ನಿಧಾನವಾಗಿ ತಿರುಗಿ ಬಯಲಿಗೆ ನೆಟ್ಟಗೆ ಎದುರಾಗಿ ನಿಂತ. ಎಡಮೂಲೆಯ ಬಾಗಿಲು ಮುಚ್ಚಿಕೊಂಡಿತು. ನಾನು ಈಚೆ ಬಂದೆ. ಮುಳ್ಳು ಮತ್ತೆ ವಾಲಿತು.

"ಏನ್ಲಾ ಇದು?" ಎಂದರು ಶಿವಲಿಂಗಪ್ಪನವರು.

ಹುಡುಗ ನನಗಲ್ಲ, ಮಹಬೂಬ್ ಸಾಬರಿಗೆ ಹೇಳಿದ: "ಮೇಷ್ಟ್ರು ಹಿಂದ್ಗಡೆ ಕೂತಿರ್ತಾರಲ್ಲ ಸಾ. ಅವ್ರಿಗೆ ಬೆನ್ ತೋರ್ಸ್ಕೊಂಡು ಹೆಂಗ್ ನಿಂತ್ಕಳಾದು? ಏಳನೇ ಕ್ಲಾಸ್ ಮುಗ್ಸಿ ಹೈಸ್ಕೂಲ್ ಸೇರಿದ್ ವರ್ಷ ಬೆಲ್ ಹೊಡೀತು ಅಂತ ತಿರುಕ್ಕಂಡು ಓಡಿದ್ದೆ. ಗುರುಗಳಿಗೆ ಬೆನ್ ತಿರುಗ್ಸ್ತೀಯೇನೋ ಅಂತ ಕರ್ದು ಇಡೀ ಪೀರಿಯಡ್ಡು ನಿಲ್ಸಿದ್ರು. ಅವತ್ತಿಂದ ಅಂಗೇ ಬಂದ್ಬುಟ್ಟೈತೆ."

ನನಗೆ ನೆನಪಿರಲಿಲ್ಲ. ನೀವು ಅಧ್ಯಾಪಕರಾಗಿದ್ದರೆ ನಿಮಗೆ ಗೊತ್ತಿರುತ್ತದೆ, ನಾವು ಕಲಿಸಬೇಕೆಂದು ಪ್ರಾಣ ಬಿಟ್ಟದ್ದನ್ನು ಮಕ್ಕಳು ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. ತಲೆನೋವಿನ ದಿನ ಯಾವುದೋ ಕೆಟ್ಟ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಎಲುಬಿಗೆ ಇಳಿಸಿಕೊಂಡುಬಿಡುತ್ತಾರೆ. ಈ ಹುಡುಗನಿಗೆ ನಾನು ಅಶೋಕನ ಶಾಸನಗಳನ್ನು ಹೇಳಿಕೊಟ್ಟಿದ್ದೆ, ನದಿಗಳ ಉಗಮವನ್ನು ಹೇಳಿಕೊಟ್ಟಿದ್ದೆ. ಅವೆಲ್ಲ ಎಲ್ಲಿ ಹೋದವೋ. ಉಳಿದದ್ದು ಒಂದೇ ಪಾಠ, ಅದರಿಂದ ಏಳು ಗೋಲು.

ಮನುಷ್ಯರ ಬೆನ್ನಿನ ಬಗ್ಗೆ ಅಂದಿನ ತನಕ ನಾನು ಯೋಚಿಸಿದವನಲ್ಲ. ಮುಖಕ್ಕೆ ಕನ್ನಡಿಯಿದೆ, ಪೌಡರಿದೆ, ಮುಜುಗರವಿದೆ. ಬೆನ್ನು ಪಾಪ, ಇದ್ದಂತೆ ಇರುತ್ತದೆ. ನೊಗ ಹೊತ್ತ ಎತ್ತಿನ ಹಿಂದೆ ನಡೆಯುವವನಿಗೆ ಕಾಣುವುದು ಬೆನ್ನು, ಬಸ್ಸಿನಲ್ಲಿ ಮೂವತ್ತು ವರ್ಷ ನಾವು ನಂಬಿ ಕೂತದ್ದು ಮಹಬೂಬ್ ಸಾಬರ ಬೆನ್ನನ್ನು. ಕೆಲಸ ಮಾಡುವವನ ಬೆನ್ನು ನಮ್ಮ ಕಡೆಗಿದ್ದರೆ ಅದು ಅಗೌರವವಲ್ಲ, ಅವನ ಮುಖ ಕೆಲಸದ ಕಡೆಗಿದೆ ಎಂದಷ್ಟೇ ಅರ್ಥ. ಇನ್ನು ನನ್ನ ವಿಷಯ ಹೇಳುವುದಾದರೆ, ಇಡೀ ಸೇವಾವಧಿಯಲ್ಲಿ ನಾನು ಮಾಡಿದ್ದೇನು? ಮಕ್ಕಳಿಗೆ ಬೆನ್ನು ಹಾಕಿ ಕಪ್ಪುಹಲಗೆಯ ಮೇಲೆ ಬರೆದದ್ದು. ಅವರು ಆ ಬೆನ್ನನ್ನು ದೂರಿಲ್ಲದೆ ನೋಡುತ್ತ ಕೂತಿದ್ದರು. ಅದರ ಮೇಲೆ ಬೆವರು ಬಿಡಿಸಿದ ನಕ್ಷೆಯನ್ನೂ ಚಾಕ್‌ಪೀಸಿನ ಬೆರಳಚ್ಚನ್ನೂ ನನಗಿಂತ ಚೆನ್ನಾಗಿ ಅವರೇ ಬಲ್ಲರು. ಒಬ್ಬ ಹುಡುಗ ಒಂದು ದಿನ ಒಂದೇ ಒಂದು ಗಳಿಗೆ ತನ್ನ ಬೆನ್ನನ್ನು ತಿರುಗಿಸಿ ಓಡಿದ್ದಕ್ಕೆ ನನ್ನ ಘನತೆ ಉರುಳಿಬಿದ್ದಿತ್ತೆಂದರೆ ಅದು ಎಷ್ಟು ಸಪೂರ ಕಾಲಿನ ಘನತೆಯಾಗಿರಬೇಕು! ನನ್ನ ಕುರ್ಚಿಯ ಹಿಂಗಾಲೇ ವಾಸಿ.

ಕರಡನ್ನು ಹರಿದು ಜೇಬಿಗೆ ಹಾಕಿಕೊಂಡು, "ಇನ್ನು ಮೇಲೆ ಆ ಕಡೆ, ಕಾಲೇಜು ಕಟ್ಟಡದ ಹತ್ತಿರ ಕೂರುತ್ತೇನೆ" ಎಂದೆ. ಇಷ್ಟು ಹೊತ್ತು ಒಪ್ಪಿಕೊಂಡೇ ನಿಂತಿದ್ದ ಹುಡುಗ ಮೊದಲ ಸಲ ಎದುರಾಡಿದ.

"ಬ್ಯಾಡ ಸಾ. ನನ್ನಿಂದ ನೀವು ನೆಳ್ಳು ಬುಟ್ಟು ಎದ್ದೋದ್ರಿ ಅಂದ್ರೆ ನಂಗೆ ಇನ್ನೂ ಕಷ್ಟ ಆಯ್ತದೆ. ಆಗ ಚೆಂಡು ನೋಡಾದಾ, ಬಿಸ್ಲಾಗೆ ನಿಮ್ಮನ್ನ ನೋಡಾದಾ?"

ಎದ್ದರೂ ಗೋಲು, ಕೂತರೂ ಗೋಲು. ಮೂವರೂ ಈ ಧರ್ಮಸಂಕಟವನ್ನು ಪರಾಮರ್ಶಿಸಿದೆವು. ಕೊನೆಗೆ ನಾನೇ ಎದ್ದು, ಕುರ್ಚಿಯ ಎರಡು ತೋಳು ಹಿಡಿದು, ಅದನ್ನು ಇದ್ದಲ್ಲೇ ಪೂರಾ ತಿರುಗಿಸಿದೆ. ಮುಖ ಬೆಟ್ಟಕ್ಕೆ, ಬೆನ್ನು ಬಯಲಿಗೆ. ಕೂತು ನೋಡಿದೆ. ನೆಲಕ್ಕೆ ಬಾಗಿ ಗ್ಲೌಸನ್ನು ಎತ್ತಿ, ಭುಜದ ಮೇಲಿಂದ ಹಿಂದಕ್ಕೆ ಚಾಚಿದೆ. ಯಾರೋ ತೆಗೆದುಕೊಂಡರು.

"ಯಾ ಅಲ್ಲಾ! ಆಟ ಹೆಂಗ್ ನೋಡ್ತೀರಾ ಮೇಷ್ಟ್ರೇ?" ಎಂದರು ಮಹಬೂಬ್ ಸಾಬರು.

"ನೀವು ಹೇಳಿ, ನಾನು ಕೇಳ್ತೀನಿ. ಇಷ್ಟು ವರ್ಷ ನಾನು ಹೇಳಿದ್ದಾಯ್ತಲ್ಲ."

ನಾಲ್ಕನೆಯ ಪಂದ್ಯ ಕೊರಟಗೆರೆಯ ಮೇಲೆ. ಮೊದಲರ್ಧವನ್ನು ಎಲ್ಲರಂತೆ ನೋಡಿದೆ. ವಿರಾಮದಲ್ಲಿ ಕುರ್ಚಿ ತಿರುಗಿಸಿ ಬೆಟ್ಟಕ್ಕೆ ಮುಖಮಾಡಿದೆ. ಸೋಜಿಗವೆಂದರೆ, ಈ ಏಕಶಿಲೆಯ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ನಲವತ್ತೈದು ನಿಮಿಷ ಸತತವಾಗಿ ನೋಡಿದವನೇ ಅಲ್ಲ. ಅದರ ಯಾವ ಕಡೆ ಮುಖ, ಯಾವ ಕಡೆ ಬೆನ್ನು ಎಂದು ಇವತ್ತಿಗೂ ಯಾರೂ ಹೇಳಲಾರರು. ಬಹುಶಃ ಊರಿಗೆಲ್ಲ ಬೆನ್ನು ಹಾಕಿಯೇ ಕೂತಿದೆ, ಯಾರೂ ಅದನ್ನು ಪೀರಿಯಡ್ ಪೂರ್ತಿ ನಿಲ್ಲಿಸಿಲ್ಲ. ಹಿಂದಿನಿಂದ ಸದ್ದುಗಳು ಬಂದವು: ಬೂಟು ಕಲ್ಲನ್ನು ಕೆರೆಯುವುದು, "ಲೇ ಬುಡೋ, ಬುಡೋ" ಎಂಬ ಕೂಗು, ಶಿವಲಿಂಗಪ್ಪನವರು ಗೋಣಿಯ ಮೇಲೆ ಮಿಸುಕಾಡುವುದು. ಕೊರಟಗೆರೆಯವರ ಗದ್ದಲ ಹತ್ತಿರ ಹತ್ತಿರ ಬಂತು. ಎಡಮೂಲೆಯ ಕಡೆಗೇ ಎಂದು ಕಿವಿಯೇ ಹೇಳಿತು. ಒಮ್ಮೆಲೇ ಎಲ್ಲ ಬಾಯಿಗಳೂ ಮುಚ್ಚಿದವು. ಕುತ್ತಿಗೆ ತಾನಾಗಿಯೇ ತಿರುಗಹೊರಟಿತು. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಚಟ್ ಎಂದು ಎರಡು ಅಂಗೈಗಳ ನಡುವೆ ಚೆಂಡು ಸಿಕ್ಕ ಸದ್ದು.

"ಹಿಡ್ದ!" ಎಂದರು ಮಹಬೂಬ್ ಸಾಬರು. ಹೇಳಬೇಕಾಗಿಯೇ ಇರಲಿಲ್ಲ.

ಪಂದ್ಯ ಒಂದು-ಒಂದರಲ್ಲಿ ಸಮವಾಯಿತು. ಒಂದನ್ನು ಬಲಮೂಲೆಯಲ್ಲಿ ಬಿಟ್ಟನಂತೆ. ಅದು ನ್ಯಾಯವಾದ ಗೋಲೆಂದು ಸಭೆಯ ಅಭಿಪ್ರಾಯ. ಮುಗಿದ ಮೇಲೆ ತಿಮ್ಮರಾಜು ಹೊಂಗೆ ಮರವನ್ನು ಒಂದು ಸುತ್ತು ಬಳಸಿ, ನನ್ನ ಎದುರಿಗೇ ಬಂದು ನಿಂತು, "ಬತ್ತೀನಿ ಸಾ, ಬಸ್ಸಿಗೆ ಹೊತ್ತಾಯ್ತು" ಎಂದ. ಹೇಳಿ, ರೂಢಿಯಂತೆ ಹಿಮ್ಮುಖವಾಗಿ ಒಂದು ಹೆಜ್ಜೆ, ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ನಿಂತ. ನನ್ನ ಮುಖ ನೋಡಿದ. ನಾನು ಕೈಬೀಸಿದೆ. ತಿರುಗಿಕೊಂಡು ರಸ್ತೆಯ ಕಡೆಗೆ ಓಡಿದ, ಬೆಲ್ ಹೊಡೆದ ಮೇಲೆ ಹುಡುಗರು ಓಡಬೇಕಾದ ಹಾಗೆ.

ಆಗಲೇ ನಾನು ಕಂಡದ್ದು, ಅವನ ಜೆರ್ಸಿಯ ಹಿಂದೆ ಒಂದು ಅಂಕಿಯಿತ್ತು. ಮೂರು ಪಂದ್ಯ ಪರಾಮರ್ಶಿಸಿಯೂ ನನಗದು ಪೂರ್ತಿ ಕಂಡಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಕತ್ತರಿಸಿದ ಒಂದು. ಕೆಳಗಿನ ಅಂಚು ಬಿಟ್ಟುಹೋಗಿದ್ದಿರಬೇಕು; ಮನೆಯಲ್ಲಿ ಯಾರೋ ಅದನ್ನು, ನನ್ನ ಕುರ್ಚಿಯ ಬೆನ್ನಿನ ಹಾಗೆಯೇ, ದಪ್ಪ ನೀಲಿ ದಾರದಲ್ಲಿ ಹೊಲಿದಿದ್ದರು.